ಒಂದು ಗೆರೆ, ಪಕ್ಕದಲ್ಲೊಂದು ಸಹಿ

"ಮೇಡಂ, ನೀವು ಯೋಳ್ದಂಗೇ ಎಲ್ಲಾ ತಿದ್ದಿದ್ದೆ. ಈಗ ನನ್ನ ಲೈನಿಂದ ಆಚೆ ನಿಲ್ಸವ್ರೆ."

ಗುರುವಾರ ಮಧ್ಯಾಹ್ನ ಆಫೀಸಿನಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದಾಗ ಬಂದ ಫೋನಿದು. ಮಾತನಾಡುತ್ತಿದ್ದವರು ಮುನಿಲಕ್ಷ್ಮಮ್ಮ. (ಹೆಸರು ಬದಲಿಸಿದ್ದೇನೆ. ಅವರ ಕಂಪನಿಯ ಹೆಸರನ್ನಂತೂ ಹೇಳುವುದಿಲ್ಲ, ಕೇಳಬೇಡಿ.) ಹಿಂದೆ ಬಸ್ಸುಗಳ ಹಾರನ್ ಕೇಳುತ್ತಿತ್ತು. ಅಂದರೆ ಆಕೆ ಫ್ಯಾಕ್ಟರಿಯ ಒಳಗಿಲ್ಲ, ಗೇಟಿನ ಹೊರಗೆ ರಸ್ತೆಯಲ್ಲಿದ್ದಾರೆ. ಶಿಫ್ಟ್ ಮುಗಿಯಲು ಇನ್ನೂ ಹೊತ್ತಿತ್ತು.

ನಾನು ಏನು ಹೇಳಿದ್ದೆ? ಆಕೆ ಏನು ತಿದ್ದಿದರು?

ನನ್ನ ಭಾನುವಾರದ ಇಂಗ್ಲಿಷ್ ಕ್ಲಾಸಿನ ಸುದ್ದಿ ನಿಮಗೆ ಹಳೆಯದು. ಹೊಸದಾಗಿ ಓದುತ್ತಿರುವವರಿಗಾಗಿ ಎರಡು ಮಾತು. ಬೊಮ್ಮಸಂದ್ರದಲ್ಲಿ ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಕ್ಲಾಸು. ಬರುವವರು ಹತ್ತು ಹನ್ನೆರಡು ಜನ, ಹೆಚ್ಚಿನವರು ಸುತ್ತಲಿನ ಫ್ಯಾಕ್ಟರಿಗಳಲ್ಲಿ ದುಡಿಯುವ ಹೆಂಗಸರು. ವಾರದ ಉಳಿದ ದಿನ ನಾನು ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಇಂಗ್ಲಿಷ್ ತಿದ್ದುತ್ತೇನೆ. ಸಂಬಳ ಕೊಟ್ಟು ತಪ್ಪು ಹುಡುಕಿಸುತ್ತಾರೆ. (ಮನೆಯಲ್ಲಿ ಅದನ್ನೇ ಪುಕ್ಕಟೆ ಮಾಡುತ್ತೀಯ ಎಂದು ನನ್ನ ಗಂಡನ ದೂರು.)

ಮುನಿಲಕ್ಷ್ಮಮ್ಮ ಹೆಬ್ಬಗೋಡಿಯ ಕಡೆಯವರು. ತಲೆತಲಾಂತರದಿಂದ ಅಲ್ಲಿಯವರೇ. "ನಮ್ಮ ತಾತನ ರಾಗಿ ಒಲ ಇದ್ದ ಜಾಗದಾಗೇ ಮೇಡಂ ಈಗ ನಮ್ ಕ್ಯಾಂಟೀನಿರೋದು, ಅಲ್ಲೇ ಕುಂತ್ಕಂಡು ಚಿತ್ರಾನ್ನ ತಿಂತೀನಿ" ಎಂದು ನಗುತ್ತಾರೆ. ಔಷಧಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಹದಿನಾಲ್ಕು ವರ್ಷ. ಮಾತ್ರೆ ಪಟ್ಟಿಯಲ್ಲಿ ಒಂದು ಗುಳಿ ಖಾಲಿ ಬಿದ್ದರೆ ಹತ್ತಡಿ ದೂರದಿಂದ ಹಿಡಿಯುವ ಕಣ್ಣು. ಈ ವರ್ಷ ಅವರ ಲೈನಿಗೆ ಇನ್‌ಚಾರ್ಜ್ ಬೇಕಾಗಿತ್ತು. ಅರ್ಜಿ ಹಾಕಿದ್ದರು. ಕೆಲಸ ಪೂರಾ ಗೊತ್ತು, ಇಂಗ್ಲಿಷ್ ಒಂದು ಬಂದರೆ ಸಾಕು ಎಂದು ಮ್ಯಾನೇಜರು ಹೇಳಿದ್ದರಂತೆ. ಆ ಒಂದಕ್ಕಾಗಿ ಆಕೆ ಏಳು ತಿಂಗಳಿಂದ ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ.

ಎರಡು ವಾರದ ಹಿಂದಿನ ಪಾಠ, ಬಹುವಚನ.

ಇಂಗ್ಲಿಷ್ ಕಲಿಸಿದವರಿಗೆ ಗೊತ್ತು ಆ ಪಾಠದ ಪಾಡು. ಮೊದಲ ಐದು ನಿಮಿಷ ಎಲ್ಲ ಸುಸೂತ್ರ. ಒಂದಿದ್ದರೆ ಒಂದು, ಹೆಚ್ಚಿದ್ದರೆ ಕೊನೆಗೊಂದು ಎಸ್. ಆರನೇ ನಿಮಿಷಕ್ಕೆ ಶುರು. ತಲೆತುಂಬ ಕೂದಲಿದ್ದರೂ ಹೇರ್ ಒಂದೇ. ನ್ಯೂಸ್‌ಗೆ ಎಸ್ ಇದ್ದರೂ ಅದು ಒಂದೇ. "ಒಂದು ಪ್ಯಾಂಟು, ಅದ್ಯಾಕೆ ಮೇಡಂ ಪ್ಯಾಂಟ್ಸು?" ಎಂದರು ಒಬ್ಬರು. ಎರಡು ಕಾಲಿದೆಯಲ್ಲ ಎಂದೆ. "ಶರಟಿಗೂ ಎರಡು ತೋಳೈತಲ್ಲ?" ಎಂದರು. ಉತ್ತರ ಗೊತ್ತಿರುವವರು ದಯವಿಟ್ಟು ಬರೆದು ಕಳಿಸಿ.

ಕೊನೆಗೆ ಬಂದದ್ದು ನಮ್ಮ ಈ ಭಾಗದ ಮಹಾರೋಗ. ಫರ್ನಿಚರ್ಸ್, ಇನ್‌ಫರ್ಮೇಷನ್ಸ್, ಇಕ್ವಿಪ್‌ಮೆಂಟ್ಸ್. ಈ ಮೂರಕ್ಕೂ ಎಸ್ ಬೇಡ ಎಂದೆ. ಯಾರ ಮುಖದಲ್ಲೂ ನಂಬಿಕೆ ಕಾಣಲಿಲ್ಲ. ಯಾಕೆ ಬೇಡ, ಹತ್ತು ಮೆಷಿನ್ ಇದ್ದರೂ ಬೇಡವೇ?

"ಇಡ್ಲಿ ಎಣಿಸ್ತೀರಾ?" ಎಂದು ಕೇಳಿದೆ.

"ಎಣಿಸ್ತೀವಿ."

"ಇಡ್ಲಿ ಹಿಟ್ಟು ಎಣಿಸ್ತೀರಾ?"

ಮುನಿಲಕ್ಷ್ಮಮ್ಮ ತಟ್ಟನೆ ಬಾಯಿ ಬಿಟ್ಟರು. "ಇಟ್ಟು ಎಣಿಸಾಕಾಯ್ತದಾ ಮೇಡಂ. ಸೌಟು ಎಣಿಸ್ತೀವಿ. ಒಂದ್ ಸೌಟು, ಎರಡ್ ಸೌಟು."

ಅಬ್ಬಾ, ಎಷ್ಟು ಖುಷಿಯಾಯಿತೆಂದರೆ. ಇಕ್ವಿಪ್‌ಮೆಂಟ್ ಅಂದರೆ ಹಿಟ್ಟು, ಎಣಿಸಲೇಬೇಕಾದರೆ ಪೀಸ್ ಎಂಬ ಸೌಟು ಹಾಕಿ ಎಣಿಸಿ ಎಂದು ಬೋರ್ಡಿನ ಮೇಲೆ ಬರೆದೇಬಿಟ್ಟೆ. ಇಷ್ಟು ವರ್ಷ ನನಗೆ ಹೊಳೆಯದ ಸೌಟು ಆಕೆಗೆ ಹೊಳೆದಿತ್ತು. ಅಲ್ಲಿಗೆ ಪಾಠ ನಿಲ್ಲಿಸಬೇಕಿತ್ತು. ಆದರೆ ಖುಷಿಯಾದಾಗ ನನ್ನ ನಾಲಿಗೆಗೆ ಬ್ರೇಕ್ ಇರುವುದಿಲ್ಲ.

"ಆಫೀಸಲ್ಲಿ ದಿನಾ ನೋಡ್ತೀನಿ ಕಣ್ರೀ" ಎಂದೆ. "ಇಕ್ವಿಪ್‌ಮೆಂಟ್ಸ್ ಅಂತ ಕಂಡ ತಕ್ಷಣ ಗೊತ್ತಾಗ್ಬಿಡುತ್ತೆ, ಬರೆದವರ ಇಂಗ್ಲಿಷ್ ಅಷ್ಟಕ್ಕಷ್ಟೇ ಅಂತ. ಎಲ್ಲಿ ಕಂಡ್ರೂ ತಿದ್ಬಿಡಿ. ಹೇಗೆ ತಿದ್ದಬೇಕು ಅಂದ್ರೆ, ತಿದ್ದಿದ್ದೇ ಯಾರಿಗೂ ಗೊತ್ತಾಗ್ಬಾರ್ದು."

ಎಲ್ಲರೂ ನಕ್ಕರು. ಮುನಿಲಕ್ಷ್ಮಮ್ಮ ನಗಲಿಲ್ಲ, ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಎಷ್ಟು ಶ್ರದ್ಧೆಯ ವಿದ್ಯಾರ್ಥಿನಿ ಎಂದು ನಾನು ಹೆಮ್ಮೆಪಟ್ಟುಕೊಂಡೆ.

ಈಗ ಆಕೆ ತಿದ್ದಿದ್ದು ಏನನ್ನು ಎಂದು ಹೇಳುತ್ತೇನೆ.

ಪ್ಯಾಕಿಂಗ್ ಲೈನಿನಲ್ಲಿ ಒಂದು ಲಾಗ್‌ಬುಕ್ ಇರುತ್ತದೆ. ಪ್ರತಿ ಬ್ಯಾಚ್ ಮುಗಿದ ಮೇಲೆ ಮೆಷಿನ್ ಒರೆಸಿ, ಹಳೆಯ ಮಾತ್ರೆ ಒಂದೂ ಉಳಿದಿಲ್ಲವೆಂದು ನೋಡಿ, ಅದರಲ್ಲಿ ಬರೆದು ಸಹಿ ಹಾಕಬೇಕು. ಮುನಿಲಕ್ಷ್ಮಮ್ಮ ವರ್ಷಗಳಿಂದ ಬರೆಯುತ್ತಿದ್ದ ಸಾಲು ಒಂದೇ: ಆಲ್ ಇಕ್ವಿಪ್‌ಮೆಂಟ್ಸ್ ಕ್ಲೀನ್ಡ್ ಅಂಡ್ ಚೆಕ್ಡ್. ಹಿಂದಿನವರು ಹಾಗೆ ಬರೆದಿದ್ದರು, ಆಕೆಯೂ ಹಾಗೇ ಬರೆದರು. ಸೋಮವಾರ ಕೆಲಸಕ್ಕೆ ಹೋಗಿ ಪುಸ್ತಕ ತೆರೆದರೆ, ಪುಟಪುಟದಲ್ಲೂ ಅದೇ ಎಸ್. ಮುಂದಿನ ವಾರ ಆಡಿಟ್. ಅದರ ಮರುವಾರ ಇನ್‌ಚಾರ್ಜ್ ಹುದ್ದೆಯ ಇಂಟರ್‌ವ್ಯೂ. ಆಡಿಟ್ ಮಾಡುವವರೂ ಇಂಟರ್‌ವ್ಯೂ ಮಾಡುವವರೂ ನೋಡುವುದು ಅದೇ ಪುಸ್ತಕ.

ಆಕೆ ಟೀ ಬ್ರೇಕುಗಳಲ್ಲಿ ಕುಳಿತು ಮೂರು ತಿಂಗಳ ಪುಟಗಳ ಎಸ್‌ಗಳನ್ನೆಲ್ಲ ನೀಲಿ ಪೆನ್ನಿನಿಂದ ತುಂಬಿ ಮುಚ್ಚಿದರು. ಬಾಲದ ಎಸ್ ಉರುಟಾದ ಒಂದು ಚುಕ್ಕೆಯಾಯಿತು. ಯಾರಿಗೂ ಗೊತ್ತಾಗಬಾರದು ಎಂದಿದ್ದೆನಲ್ಲ.

ಕ್ವಾಲಿಟಿ ವಿಭಾಗದವರಿಗೆ ಗೊತ್ತಾಯಿತು. ಆಡಿಟ್‌ಗೆ ಮುಂಚೆ ಪುಸ್ತಕ ತಿರುವಿದ ಅಧಿಕಾರಿಗೆ ಸಾಲಿನ ನಡುವೆ ಚುಕ್ಕೆ ಯಾಕಿದೆ ಎನ್ನಿಸಿತಂತೆ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರಂತೆ.

ಔಷಧಿ ಕಾರ್ಖಾನೆಯಲ್ಲಿ ಪೆನ್ಸಿಲ್ ಇಲ್ಲ, ರಬ್ಬರ್ ಇಲ್ಲ, ವೈಟ್ನರ್ ಕೈಯಲ್ಲಿ ಕಂಡರೆ ಕೆಲಸಕ್ಕೇ ಸಂಚಕಾರ. ತಪ್ಪು ಬರೆದಿರಾ? ಅದರ ಮೇಲೆ ಒಂದೇ ಒಂದು ಗೆರೆ. ಕೆಳಗಿನ ತಪ್ಪು ಓದಲು ಬರಬೇಕು. ಪಕ್ಕದಲ್ಲಿ ಸರಿಯಾದದ್ದು, ಕಾರಣ, ಸಹಿ, ತಾರೀಖು. ನಾಳೆ ಎಲ್ಲೋ ಒಬ್ಬ ರೋಗಿಗೆ ಆ ಮಾತ್ರೆಯಿಂದ ತೊಂದರೆಯಾದರೆ ಇದೇ ಪುಟ ತೆಗೆದು ನೋಡುತ್ತಾರೆ. ಅಲ್ಲಿ ಯಾರೋ ಏನನ್ನೋ ಮುಚ್ಚಿದ್ದರೆ, ಮುಚ್ಚಿದ್ದು ಬರೀ ಒಂದು ಎಸ್ ಎಂದು ಯಾರು ನಂಬಬೇಕು?

ಕಂಪನಿಯನ್ನು ನಾನು ಬೈಯಲಾರೆ. ಆ ಮಾತ್ರೆ ನುಂಗುವವಳು ನಾನೂ ಹೌದು.

ಗುರುವಾರ ಫೋನಿನಲ್ಲಿ ಮುನಿಲಕ್ಷ್ಮಮ್ಮ ಇಷ್ಟನ್ನೂ ಹೇಳಿ ಕೊನೆಗೆ, "ಶನಿವಾರ ಅನ್ನೊಂದ್ ಗಂಟೆಗೆ ಎನ್‌ಕ್ವೈರಿ ಅಂತೆ ಮೇಡಂ. ಕೆಲ್ಸದಿಂದ ತೆಗೀಬೋದು ಅಂದ್ರು" ಎಂದರು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತೇನೋ. ಡಬ್ಬಿಯಲ್ಲಿದ್ದ ಚಪಾತಿ ಹಾಗೇ ಉಳಿಯಿತು.

ಅಂದು ಸಂಜೆ ಮನೆಗೆ ಬಂದವಳೇ ಆ ಕಂಪನಿಗೆ ಪತ್ರ ಬರೆಯಲು ಕೂತೆ. ನಾನು ಇಂಥವಳು, ಈಕೆಗೆ ಇಂಗ್ಲಿಷ್ ಕಲಿಸುವವಳು, ತಿದ್ದಿ ಎಂದು ಹೇಳಿದ್ದು ನಾನೇ. ನಾಲ್ಕು ಸಾಲು. ಎಂಟು ಸಲ ಬರೆದೆ, ಏಳು ಸಲ ಡಿಲೀಟ್ ಮಾಡಿದೆ. ನನ್ನ ಕೆಲಸವೇ ಅದಲ್ಲವೇ, ಅಳಿಸುವುದು. ಕಂಪ್ಯೂಟರಿನಲ್ಲಿ ಅಳಿಸಿದ್ದರ ಗುರುತು ಯಾರಿಗೆ ಕಾಣುತ್ತದೆ?

ನನ್ನ ಗಂಡ ಹರಿಹರದವರು. ಇಪ್ಪತ್ತು ವರ್ಷ ಈ ಊರಿನಲ್ಲಿದ್ದರೂ ಗಾಬರಿಯಾದರೆ ಊರಿನ ಮಾತೇ ಬರುವುದು. ಸಂಜೆಯ ಪೂಜೆ ಮುಗಿಸಿ ಬಂದು, ಹಣೆಯ ವಿಭೂತಿಯೊಂದಿಗೆ ನನ್ನ ಹಿಂದೆ ನಿಂತು ಪತ್ರ ಓದಿದರು.

"ಕಳಿಸಬ್ಯಾಡ" ಎಂದರು. "ಹೊರಗಿನೋರಿಗೆ ಕಂಪನಿ ವಿಷಯ ಹೇಳ್ಯಾಳ ಅಂತ ಇನ್ನೊಂದು ಕೇಸ್ ಬೀಳ್ತತಿ. ಅಕಿಗೆ ಒಳ್ಳೇದು ಮಾಡಾಕ್ ಹೋಗಿ ಕೆಟ್ಟದ್ ಮಾಡ್ತಿ ನೋಡು."

ಮಾತಿನಲ್ಲಿ ಅರ್ಥವಿತ್ತು. ಲ್ಯಾಪ್‌ಟಾಪ್ ಮುಚ್ಚಿದೆ. ಆಗ ನನಗೆ ಹಾಯೆನಿಸಿತು ನೋಡಿ, ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಆಕೆಗೆ ಕೆಟ್ಟದಾಗಬಾರದು ಎಂದು ಸುಮ್ಮನಾದೆನೋ, ನನ್ನ ಹೆಸರು ಬರಬಾರದು ಎಂದು ಸುಮ್ಮನಾದೆನೋ? ಆ ಪ್ರಶ್ನೆ ಕೇಳಿಕೊಳ್ಳಲು ನನಗೆ ಧೈರ್ಯವಿರಲಿಲ್ಲ.

ಶುಕ್ರವಾರ ಸಂಜೆ ಐದಕ್ಕೆ ಮುನಿಲಕ್ಷ್ಮಮ್ಮ ಕ್ಲಾಸಿನ ಕೋಣೆಗೆ ಬಂದರು. ಕೈಯಲ್ಲಿ ಕಂಪನಿ ಕೊಟ್ಟ ನೋಟಿಸು. ಶನಿವಾರಕ್ಕೆ ಲಿಖಿತ ವಿವರಣೆ ತರಬೇಕಿತ್ತು. ಕೆಳಗಿನ ಅಂಗಡಿಯ ಝೆರಾಕ್ಸ್ ಮೆಷಿನ್ ಗರಗರ ಸದ್ದು ಮಾಡುತ್ತಿತ್ತು. ನಾನು ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆದುಕೊಡುತ್ತೇನೆ ಎಂದೆ. ಪ್ರಾಯಶ್ಚಿತ್ತದ ಆತುರ ನನಗೆ.

"ಬ್ಯಾಡ ಮೇಡಂ. ಯಾವ್ ಭಾಷೆನಾಗಾದ್ರೂ ಬರೀಬೋದು ಅಂದವ್ರೆ. ಕನ್ನಡದಾಗೇ ಬರೀತೀನಿ."

ಆಕೆ ಬರೆಯುವ ಮುಂಚೆ ನಾನು ನಿನ್ನೆಯಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದನ್ನು ಕೇಳಿದೆ. "ಒಂದು ಗೆರೆ ಹಾಕಿ ಸೈನ್ ಮಾಡ್ಬೇಕು ಅನ್ನೋದು ನಿಮಗೆ ಹದಿನಾಲ್ಕು ವರ್ಷದಿಂದ ಗೊತ್ತು. ಹೊಸಬರಿಗೆ ಹೇಳಿಕೊಡೋರೇ ನೀವು. ಮತ್ಯಾಕೆ ಹೀಗೆ ಮಾಡಿದ್ರಿ?"

ಅವರು ಪೆನ್ನಿನ ಕ್ಯಾಪನ್ನು ತೆಗೆದು ಹಾಕಿ ಮಾಡುತ್ತಾ ಕುಳಿತರು.

"ಗೆರೆ ಆಕೋದು ಕೆಲ್ಸದ ತಪ್ಪಿಗೆ ಮೇಡಂ. ತೂಕ ತಪ್ಪಾಯ್ತು, ಟೈಮ್ ತಪ್ಪಾಯ್ತು, ಅದಕ್ಕೆ. ನಾನು ಮಿಷಿನ್ ಸರಿಯಾಗೇ ಕ್ಲೀನ್ ಮಾಡಿದ್ದೆ. ಕೆಲ್ಸದಾಗೆ ಏನೂ ತಪ್ಪಿರ್ಲಿಲ್ಲ. ಇದು ಬರೀ ನಾಚ್ಕೆ ವಿಷ್ಯ. ಪುಟಪುಟಕ್ಕೂ ಗೆರೆ ಆಕಿ ಸೈನ್ ಮಾಡಿದ್ರೆ, ಈ ಮುನಿಲಕ್ಷ್ಮಿಗೆ ಇಂಗ್ಲೀಷ್ ಬರಲ್ಲ ಅಂತ ನಾನೇ ಪುಟಪುಟಕ್ಕೂ ಬರ್ಕೊಟ್ಟಂಗೆ ಅಲ್ವಾ?"

ಬರೆದವರ ಇಂಗ್ಲಿಷ್ ಅಷ್ಟಕ್ಕಷ್ಟೇ ಎಂದು ನಗಾಡಿದ್ದು ಯಾರು? ಮೂರು ತಿಂಗಳ ಪುಟಗಳಲ್ಲಿ ಮೆಷಿನ್ ಶುಚಿಯಾಗಿದ್ದದ್ದು ಆಕೆಗೆ ಮರೆತೇಹೋಯಿತು. ಕಂಡದ್ದು ಎಸ್ ಮಾತ್ರ. ಹಾಗೆ ಕಾಣುವ ಕನ್ನಡಕ ತೊಡಿಸಿದವಳು ನಾನು.

ಆಮೇಲೆ ಆಕೆ ನೋಟಿಸನ್ನು ನನ್ನ ಕಡೆ ತಳ್ಳಿದರು. ಮೂರನೆಯ ಸಾಲಿನ ಮೇಲೆ ಬೆರಳಿಟ್ಟು, "ಇದ್ರಾಗೂ ಎಸ್ ಐತೆ ನೋಡಿ ಮೇಡಂ" ಎಂದರು.

ಇತ್ತು. ದಪ್ಪ ಅಕ್ಷರದಲ್ಲಿ, ಇಕ್ವಿಪ್‌ಮೆಂಟ್ಸ್. ಅದರ ಕೆಳಗೆ ದೊಡ್ಡ ಸಾಹೇಬರೊಬ್ಬರ ಸಹಿ, ಸೀಲು. ಅವರಿಗೆ ಇದರಿಂದ ನಿದ್ದೆ ಕೆಟ್ಟಿರಲಿಕ್ಕಿಲ್ಲ. ಯಾಕೆ ಕೆಡಬೇಕು ಹೇಳಿ? ಈ ಹೊಸೂರು ರಸ್ತೆಯ ಎರಡೂ ಕಡೆ ಸಾವಿರ ತಪ್ಪು ಇಂಗ್ಲಿಷ್ ದಿನಾ ಸೂಟು ಹಾಕಿಕೊಂಡು ಓಡಾಡುತ್ತದೆ. ಕುರ್ಚಿ ಎತ್ತರದಲ್ಲಿದ್ದರೆ ಅದು ಕೈತಪ್ಪು, ಕುರ್ಚಿಯೇ ಇಲ್ಲದವರು ಬರೆದರೆ ಅದು ಅವರ ಯೋಗ್ಯತೆ. ನಾವು ಕಲಿಸುವವರು ವ್ಯಾಕರಣದ ಜೊತೆಗೆ ಈ ಭಯವನ್ನೂ ಪೊಟ್ಟಣ ಕಟ್ಟಿ ಕೊಡುತ್ತೇವೆ, ಅದು ನಮಗೆ ಗೊತ್ತೂ ಆಗುವುದಿಲ್ಲ.

ಮುನಿಲಕ್ಷ್ಮಮ್ಮ ಬರೆಯತೊಡಗಿದರು. ಉರುಟು ಅಕ್ಷರ, ನಿಧಾನ. ನಡುವೆ ಒಂದು ಕಡೆ ದಿನಾಂಕ ತಪ್ಪಿತು. ಆಕೆ ಯೋಚಿಸಲೂ ಇಲ್ಲ. ಅದರ ಮೇಲೆ ಒಂದು ನೇರ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಪುಟ್ಟದಾಗಿ ಸಹಿ ಮಾಡಿ ಮುಂದೆ ಹೋದರು. ಕೈಗೆ ಅಷ್ಟು ರೂಢಿ.

ನೋಟಿಸಿನ ಕೊನೆಯ ಪ್ರಶ್ನೆ, ಹೀಗೆ ಮಾಡಲು ನಿಮಗೆ ಯಾರಾದರೂ ಹೇಳಿದ್ದರೇ?

ಆಕೆ ಬರೆದರು: ಯಾರೂ ಹೇಳಿಲ್ಲ. ನಾನೇ ಮಾಡಿದೆ.

"ನನ್ನ ಹೆಸರು ಬರೀರಿ" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ನೀವು ಇಂಗ್ಲೀಷ್ ಯೋಳ್ಕೊಟ್ರಿ ಮೇಡಂ. ಪೆನ್ನು ನನ್ ಕೈನಾಗಿತ್ತು" ಎಂದು ಹಾಳೆ ಮಡಚಿದರು.

ಇನ್ನೊಂದು ಸಲ ಹೇಳಬಹುದಿತ್ತು. ಆ ಹಾಳೆ ಬಿಡಿಸಿ ನಾನೇ ಒಂದು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಎಮ್ಮೆ ತಾನಾಗಿ ಮುಂದೆ ಬಂದು ನಿಂತಿತ್ತು. ಎತ್ತು ಬಾಯಿ ಮುಚ್ಚಿಕೊಂಡು ನೋಡುತ್ತಿತ್ತು.

ಶನಿವಾರ. ಹನ್ನೊಂದಕ್ಕೆ ಎನ್‌ಕ್ವೈರಿ. ಹತ್ತೂವರೆಯಿಂದಲೇ ಫೋನು ಕೈಯಲ್ಲಿ ಹಿಡಿದು ಕೂತೆ. ಅಲ್ಲಿ ಫೋನುಗಳನ್ನು ಗೇಟಿನಲ್ಲೇ ಇರಿಸಿಕೊಳ್ಳುತ್ತಾರೆ, ಮಾಡಿದರೂ ಎತ್ತುವುದಿಲ್ಲ ಎಂದು ಗೊತ್ತಿತ್ತು. ಆದರೂ ಮೂರು ಸಲ ಮಾಡಿದೆ. ಹಾಲು ಉಕ್ಕಿಸಿದೆ. ಒಗೆದ ಬಟ್ಟೆಯನ್ನೇ ಮತ್ತೆ ಮೆಷಿನ್ನಿಗೆ ಹಾಕಿದೆ. ಹನ್ನೆರಡಾಯಿತು, ಒಂದಾಯಿತು. ಇಷ್ಟು ಹೊತ್ತು ಏನು ಕೇಳುತ್ತಿದ್ದಾರೆ? ಆಕೆಯ ಮಗಳು ಈ ವರ್ಷ ಪಿಯುಸಿ. ಗಂಡ ಸೊಂಟ ನೋವಿನಿಂದ ಮನೆಯಲ್ಲೇ. ಈ ಕೆಲಸ ಹೋದರೆ, ದಾಖಲೆ ಅಳಿಸಿದವಳೆಂಬ ಹೆಸರು ಹೊತ್ತ ಹೆಂಗಸಿಗೆ ಇನ್ನೊಂದು ಔಷಧಿ ಕಂಪನಿ ಬಾಗಿಲು ತೆರೆಯುತ್ತದೆಯೇ? ತೆರೆಯುವುದಿಲ್ಲ. ಬೊಮ್ಮಸಂದ್ರ ದೊಡ್ಡದಾಗಿ ಕಾಣುತ್ತದೆ, ಆದರೆ ಪ್ಯಾಕಿಂಗ್ ಲೈನಿನವರಿಗೆ ಅದು ಒಂದೇ ಬೀದಿ.

"ಊಟ ಮಾಡು" ಎಂದರು ಗಂಡ. ಅನ್ನ ಕಲೆಸಿದೆ, ತಿನ್ನಲಾಗಲಿಲ್ಲ. ಅವರೂ ಅರ್ಧಕ್ಕೇ ಎದ್ದರು. "ಆ ಪತ್ರ ಕಳಿಸಬೇಕಿತ್ತೇನೋ ಮಾರಾಯ್ತಿ" ಎಂದು ಅವರೇ ಮೆಲ್ಲಗೆ ಹೇಳಿದಾಗ ನನಗೆ ಅಳು ಬಂತು.

ಎರಡೂ ಮುಕ್ಕಾಲಿಗೆ ಫೋನು.

"ಕೆಲ್ಸ ಉಳೀತು ಮೇಡಂ" ಎಂದರು ಮುನಿಲಕ್ಷ್ಮಮ್ಮ.

ಬೇರೆ ದಾಖಲೆ ತೆಗೆದು ಹೋಲಿಸಿ ನೋಡಿದರಂತೆ. ಮೆಷಿನ್ ಶುಚಿಯಾಗಿದ್ದದ್ದು ನಿಜ, ಮುಚ್ಚಿದ್ದು ಒಂದು ಅಕ್ಷರ ಮಾತ್ರ ಎಂದು ಖಾತ್ರಿಯಾಯಿತಂತೆ. ಆದರೂ ಎಚ್ಚರಿಕೆ ಪತ್ರ ಫೈಲಿಗೆ ಹೋಯಿತು. ಇಂಟರ್‌ವ್ಯೂ ಪಟ್ಟಿಯಿಂದ ಹೆಸರು ತೆಗೆದರು. ಪತ್ರ ಫೈಲಿನಲ್ಲಿ ಇರುವ ತನಕ ಮತ್ತೆ ಅರ್ಜಿ ಹಾಕುವಂತಿಲ್ಲ. ಸೋಮವಾರದಿಂದ ದಾಖಲೆ ಬರೆಯುವುದು ಹೇಗೆ ಎಂಬ ತರಬೇತಿಗೆ ಕೂರಬೇಕು, ಮೊನ್ನೆಯವರೆಗೂ ತಾವೇ ಹೇಳಿಕೊಡುತ್ತಿದ್ದ ಹುಡುಗಿಯರ ಪಕ್ಕದಲ್ಲಿ.

"ಓಗ್ಲಿ ಬಿಡಿ, ಅನ್ನಕ್ ತೊಂದ್ರೆ ಆಗ್ಲಿಲ್ಲ" ಎಂದರು. ಸಮಾಧಾನ ಮಾಡುತ್ತಿದ್ದದ್ದು ಆಕೆ, ಮಾಡಿಸಿಕೊಳ್ಳುತ್ತಿದ್ದದ್ದು ನಾನು.

ಭಾನುವಾರ ಆಕೆ ಬರುವುದಿಲ್ಲ ಎಂದುಕೊಂಡಿದ್ದೆ. ಬರದಿದ್ದರೇ ಒಳ್ಳೆಯದು ಎಂದೂ ಒಳಗೊಳಗೆ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಹತ್ತಕ್ಕೆ ಐದು ನಿಮಿಷವಿದ್ದಾಗ ಬಂದು ಎಂದಿನ ಮುಂದಿನ ಬೆಂಚಿನಲ್ಲೇ ಕುಳಿತರು. ನೋಟ್‌ಬುಕ್ ತೆರೆದರು. ಉಳಿದವರಿಗೂ ವಿಷಯ ಗೊತ್ತಿತ್ತು.

ಬೋರ್ಡಿನ ಮೇಲೆ ಕತ್ತರಿಗೆ ಇಂಗ್ಲಿಷ್ ಪದ ಬರೆಯುವಾಗ ನಡುವೆ ಒಂದು ಅಕ್ಷರ ಬಿಟ್ಟೆ. ತಕ್ಷಣ ಅಂಗೈ ಬೋರ್ಡಿನತ್ತ ಹೋಯಿತು, ಒರೆಸಲು.

"ಮೇಡಂ, ಅಳಿಸ್ಬ್ಯಾಡಿ."

ತಿರುಗಿದೆ. ಮುನಿಲಕ್ಷ್ಮಮ್ಮ ಪೆನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ. ಹೊಸ ಹುಡುಗಿಗೆ ಕೆಲಸ ಹೇಳಿಕೊಡುವ ದನಿಯಿತ್ತು.

"ಒಂದ್ ಗೆರೆ ಆಕಿ. ತಪ್ಪು ಕಾಣ್ಬೇಕು. ಪಕ್ಕದಾಗೆ ಸರಿಯಾದ್ದು ಬರೀರಿ. ಆಮೇಲೆ ನಿಮ್ ಸೈನು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಗೆರೆ ಎಳೆದೆ, ಸರಿಯಾದದ್ದು ಬರೆದೆ, ಪಕ್ಕದಲ್ಲಿ ಚಾಕ್‌ಪೀಸಿನಿಂದ ಸಹಿಯನ್ನೂ ಹಾಕಿದೆ. ಬೋರ್ಡಿನ ಮೇಲೆ ಸಹಿ ಹಾಕುವುದು ಬಹಳ ಸುಲಭ, ಕ್ಲಾಸು ಮುಗಿದ ಮೇಲೆ ಯಾರೋ ಒರೆಸುತ್ತಾರೆ.

ಆ ಕಂಪನಿಯ ಫೈಲಿನಲ್ಲಿರುವ ಹಾಳೆಯನ್ನು ಯಾರೂ ಒರೆಸುವುದಿಲ್ಲ. ಅಲ್ಲಿ ಮುನಿಲಕ್ಷ್ಮಮ್ಮನ ತಪ್ಪಿನ ಪಕ್ಕ ಅವರ ಸಹಿಯಿದೆ, ಸರಿ. ನನ್ನ ತಪ್ಪಿನ ಪಕ್ಕವೂ ಅವರದೇ ಸಹಿ ಯಾಕಿದೆ?